ಹಾಸಿಗೆಯೇ ಮದ್ದಾಗಿದ್ದ ಕಾಲ

1956ರಲ್ಲಿ ಮದ್ರಾಸಿನ ಚೆಟ್‌ಪೆಟ್‌ನಲ್ಲಿ ಒಂದು ಕ್ಷಯ ಸಂಶೋಧನಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ರಾಜ್ಯ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಸೇರಿ ಅದನ್ನು ಕಟ್ಟಿದ್ದವು. ಬ್ರಿಟನ್ನಿನಿಂದ ಬಂದ ವ್ಯಾಲೇಸ್ ಫಾಕ್ಸ್ ಎಂಬ ವೈದ್ಯರು ಅದರ ಮುಂದಾಳು. ಅವರ ತಂಡ ಮೊದಲಿಗೆ ಕೈಗೆತ್ತಿಕೊಂಡದ್ದು ಇಷ್ಟನ್ನೇ: ಕ್ಷಯ ರೋಗಿ ಗುಣವಾಗಬೇಕಾದರೆ ತಿಂಗಳುಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರಲೇಬೇಕೆ?

ಹಾಗೆ ಕೇಳುವುದೇ ಅಂದು ದೊಡ್ಡ ಧೈರ್ಯದ ಕೆಲಸ. ಅದಕ್ಕೆ ಮೊದಲಿನ ಎಂಬತ್ತು ವರ್ಷ ಯುರೋಪು ಅಮೆರಿಕಗಳ ಹೆಸರಾಂತ ವೈದ್ಯರೆಲ್ಲ ರೋಗಿಯನ್ನು ಮಲಗಿಸುವುದೇ ಚಿಕಿತ್ಸೆಯ ಬುನಾದಿ ಎಂದು ನಂಬಿದ್ದರು. ಕ್ಷಯಕ್ಕಷ್ಟೇ ಅಲ್ಲ, ಹೃದಯಾಘಾತಕ್ಕೆ, ಬೆನ್ನುನೋವಿಗೆ, ಆಪರೇಷನ್ ಆದವರಿಗೆ, ಬಾಣಂತಿಯರಿಗೆ, ಮನಸ್ಸು ಕುಗ್ಗಿದವರಿಗೆ ಕೂಡ ಹಾಸಿಗೆಯೇ ಮದ್ದಾಗಿತ್ತು. ‘ಬೆಡ್ ರೆಸ್ಟ್’ ಎಂಬ ಮಾತು ನಮ್ಮ ಹಳ್ಳಿಗಳವರೆಗೂ ಬಂದು ಕನ್ನಡದ್ದೇ ಆಗಿಬಿಟ್ಟಿರುವುದು ಆ ನಂಬಿಕೆಯಿಂದಲೇ.

ಕಾಯಿಲೆ ಬಂದವರು ಮಲಗುವುದು ಮನುಷ್ಯನಷ್ಟೇ ಹಳೆಯದು. ಜ್ವರ ಏರಿದಾಗ ಮೈಯೇ ಹಾಸಿಗೆ ಬೇಡುತ್ತದೆ. ಆದರೆ ಇಷ್ಟು ದಿನ, ಇಷ್ಟು ಕಟ್ಟುನಿಟ್ಟಾಗಿ ಮಲಗಬೇಕೆಂದು ಔಷಧದ ಹಾಗೆ ಬರೆದುಕೊಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ್ದು. ಅದಕ್ಕೆ ಶಾಸ್ತ್ರದ ಬೆಂಬಲ ಕೊಟ್ಟವರಲ್ಲಿ ಮುಖ್ಯರಾದವರು ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಹಿಲ್ಟನ್. 1860ರಿಂದ 1862ರವರೆಗೆ ಅವರು ಕೊಟ್ಟ ಉಪನ್ಯಾಸಗಳು 1863ರಲ್ಲಿ ಪುಸ್ತಕವಾದವು. ನೋವು ಎಂದರೆ ಆ ಅಂಗಕ್ಕೆ ಬಿಡುವು ಬೇಕೆಂದು ದೇಹ ಹೇಳುವ ಮಾತು, ಬಿಡುವು ಸಿಕ್ಕರೆ ದೇಹ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. ರಕ್ತ ತೆಗೆಯುವುದು, ಭೇದಿ ಮಾಡಿಸುವುದು ವೈದ್ಯವೆನಿಸಿಕೊಂಡಿದ್ದ ಕಾಲದಿಂದ ಆಗಷ್ಟೇ ಹೊರಬರುತ್ತಿದ್ದ ಜಗತ್ತಿಗೆ ಈ ಮಾತು ಹಿತವಾಗಿ, ಕರುಣೆಯಿಂದ ಕೂಡಿದ್ದಾಗಿ ಕೇಳಿಸಿತು.

ಮೂಳೆಯ ಮಟ್ಟಿಗೆ ಅದು ನಿಜವೂ ಆಗಿತ್ತು. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ ಮುರಿದ ಕಾಲನ್ನು ಅಲುಗಾಡದಂತೆ ಹಿಡಿದಿಡುವ ಕಬ್ಬಿಣದ ಪಟ್ಟಿಯೊಂದನ್ನು ರೂಪಿಸಿದರು. ಅವರು ತೀರಿಕೊಂಡು ಎರಡು ದಶಕ ದಾಟಿದ ಮೇಲೆ ಮೊದಲ ಮಹಾಯುದ್ಧದಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂದಿತು. ತೊಡೆಯ ಮೂಳೆ ಮುರಿದ ಸೈನಿಕರ ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು. ಇಂದಿಗೂ ಆಸ್ಪತ್ರೆಗಳಲ್ಲಿ ‘ಥಾಮಸ್ ಸ್ಪ್ಲಿಂಟ್’ ಎಂದೇ ಅದರ ಹೆಸರು. ಮೂಳೆಗೆ ಒಪ್ಪಿದ್ದು ಶ್ವಾಸಕೋಶಕ್ಕೂ, ಹೃದಯಕ್ಕೂ, ಮನಸ್ಸಿಗೂ ಒಪ್ಪುತ್ತದೆ ಎಂದು ಪರೀಕ್ಷೆ ಮಾಡದೆ ಎಣಿಸಿದಲ್ಲಿ ತೊಂದರೆ ಹುಟ್ಟಿತು.

ಮನಸ್ಸಿನ ವಿಷಯದಲ್ಲಿ ಹಾಗೆ ಎಣಿಸಿದವರು ಅಮೆರಿಕದ ಫಿಲಡೆಲ್ಫಿಯಾದ ನರವೈದ್ಯ ಸೈಲಸ್ ವೇರ್ ಮಿಚೆಲ್. ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನರಗಳ ಬಗ್ಗೆ ಅವರು ಮಾಡಿದ ಅಧ್ಯಯನಕ್ಕೆ ಇಂದಿಗೂ ಗೌರವವಿದೆ. 1877ರಲ್ಲಿ ಅವರು ‘ರೆಸ್ಟ್ ಕ್ಯೂರ್’ ಅನ್ನು ವಿವರಿಸುವ ಪುಸ್ತಕ ಬರೆದರು. ಬಳಲಿದ, ಸೊರಗಿದ ಹೆಂಗಸರನ್ನು ಮನೆಯವರಿಂದ ದೂರವಿಟ್ಟು ಆರರಿಂದ ಎಂಟು ವಾರ ಮಲಗಿಸುವುದು, ಹಾಲನ್ನೂ ಪುಷ್ಟಿಯ ಆಹಾರವನ್ನೂ ಧಾರಾಳವಾಗಿ ಕೊಡುವುದು, ಸ್ನಾಯುಗಳು ಸೊರಗದಂತೆ ಮೈ ತಿಕ್ಕಿಸಿ ಸಣ್ಣಗೆ ವಿದ್ಯುತ್ ಹಾಯಿಸುವುದು, ಇದು ಕ್ರಮ. ಓದುವಂತಿಲ್ಲ, ಬರೆಯುವಂತಿಲ್ಲ, ಬಂದವರೊಡನೆ ಮಾತಿಲ್ಲ. ಮೊದಮೊದಲು ಎದ್ದು ಕೂರುವುದಕ್ಕೂ ಅಪ್ಪಣೆ ಬೇಕಿತ್ತು.

1887ರಲ್ಲಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಎಂಬ ಲೇಖಕಿ, ಹೆರಿಗೆಯ ನಂತರ ಮಂಕು ಕವಿದು, ಅವರ ಬಳಿ ಚಿಕಿತ್ಸೆಗೆ ಹೋದರು. ಮನೆವಾರ್ತೆಯಲ್ಲೇ ಇರಬೇಕು, ಲೇಖನಿ ಮುಟ್ಟಬಾರದು ಎಂಬ ಸಲಹೆಯೊಡನೆ ಹಿಂತಿರುಗಿ, ಅದನ್ನು ಪಾಲಿಸಿ, ಹುಚ್ಚಿನ ಅಂಚಿನವರೆಗೆ ಹೋಗಿ ಬಂದರು. ಆ ಅನುಭವದಿಂದ ಹುಟ್ಟಿದ ‘ದ ಯೆಲ್ಲೊ ವಾಲ್‌ಪೇಪರ್’ ಕಥೆ 1892ರಲ್ಲಿ ಅಚ್ಚಾಯಿತು. ಅದೇ ಮಿಚೆಲ್ ಗಂಡಸರು ಬಳಲಿ ಬಂದರೆ ಹಾಸಿಗೆ ಹೇಳುತ್ತಿರಲಿಲ್ಲ. ಓವೆನ್ ವಿಸ್ಟರ್ ಎಂಬ ತರುಣನನ್ನು ಅವರು 1885ರಲ್ಲಿ ವಯೋಮಿಂಗಿನ ಬಯಲಿಗೆ, ಕುದುರೆ ಸವಾರಿಗೆ ಕಳಿಸಿದರು. ಆತ ಮುಂದೆ ದೊಡ್ಡ ಕಾದಂಬರಿಕಾರನಾದ. ಬಳಲಿಕೆ ಒಂದೇ ಆದರೂ ಹೆಣ್ಣಿಗೆ ನಾಲ್ಕು ಗೋಡೆ, ಗಂಡಿಗೆ ಬಯಲು. ವಿಶ್ರಾಂತಿಯ ಚೀಟಿಯಲ್ಲಿ ವೈದ್ಯದ ಜೊತೆಗೆ ಸಮಾಜದ ಕಟ್ಟಳೆಯೂ ಬೆರೆತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆದರೆ ಹಾಸಿಗೆಯ ಚಿಕಿತ್ಸೆ ಒಂದು ಸಾಮ್ರಾಜ್ಯವಾಗಿ ಬೆಳೆದದ್ದು ಕ್ಷಯದ ಹೆಸರಿನಲ್ಲಿ. 1850ರ ದಶಕದಲ್ಲಿ ಹರ್ಮನ್ ಬ್ರೆಹ್ಮರ್ ಅಂದಿನ ಪ್ರಷ್ಯದ ಗೋರ್ಬರ್ಸ್‌ಡಾರ್ಫ್ ಎಂಬ ಬೆಟ್ಟದ ಹಳ್ಳಿಯಲ್ಲಿ ಕ್ಷಯ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದರು. ಅವರು ರೋಗಿಗಳನ್ನು ಬೆಟ್ಟದ ದಾರಿಗಳಲ್ಲಿ ಅಳತೆಯಿಟ್ಟು ನಡೆಸುತ್ತಿದ್ದರು. ಅವರಲ್ಲಿ ರೋಗಿಯಾಗಿ ಬಂದು ಅಲ್ಲೇ ಸಹಾಯಕ ವೈದ್ಯರಾದ ಪೀಟರ್ ಡೆಟ್‌ವೈಲರ್ 1876ರಲ್ಲಿ ಫಾಲ್ಕೆನ್‌ಸ್ಟೈನ್‌ನಲ್ಲಿ ತಮ್ಮದೇ ಸ್ಯಾನಟೋರಿಯಂ ಆರಂಭಿಸಿದಾಗ ಗುರುವಿನ ದಾರಿ ಬಿಟ್ಟರು. ಅಲ್ಲಿ ನಡಿಗೆಗೆ ಬದಲು, ತೆರೆದ ಜಗುಲಿಯಲ್ಲಿ ಒರಗುಕುರ್ಚಿಯ ಮೇಲೆ ಕಂಬಳಿ ಹೊದ್ದು ಗಂಟೆಗಟ್ಟಲೆ ಮಲಗುವುದು ನಿಯಮವಾಯಿತು. ಜಗತ್ತು ಹಿಡಿದದ್ದು ಶಿಷ್ಯನ ದಾರಿಯನ್ನು. ಸ್ವಿಟ್ಜರ್‌ಲೆಂಡಿನ ದಾವೋಸ್ ಊರಿಗೆ ಊರೇ ಕ್ಷಯ ರೋಗಿಗಳ ತಾಣವಾಯಿತು. ಅಮೆರಿಕದ ಸಾರನಾಕ್ ಲೇಕ್‌ನಲ್ಲಿ, ಸ್ವತಃ ಕ್ಷಯದಿಂದ ನರಳಿದ್ದ ಎಡ್ವರ್ಡ್ ಟ್ರೂಡೊ 1880ರ ದಶಕದಲ್ಲಿ ಸ್ಯಾನಟೋರಿಯಂ ಕಟ್ಟಿದರು.

1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ಶತ್ರು ಯಾರೆಂದು ತಿಳಿಯಿತು, ಅದನ್ನು ಕೊಲ್ಲುವ ಔಷಧ ಮಾತ್ರ ಮುಂದಿನ ಅರವತ್ತು ವರ್ಷ ಸಿಗಲಿಲ್ಲ. ಹಾಗಾಗಿ ವಿಶ್ರಾಂತಿಯ ತರ್ಕವನ್ನೇ ಇನ್ನಷ್ಟು ಆಳಕ್ಕೆ ಒಯ್ದರು. ರೋಗಿ ಮಲಗಿದರೆ ಸಾಲದು, ಶ್ವಾಸಕೋಶವೂ ಮಲಗಬೇಕು ಎಂದರು. ಇಟಲಿಯ ಕಾರ್ಲೊ ಫೋರ್ಲಾನಿನಿ ಎದೆಗೂಡಿನೊಳಗೆ ಸೂಜಿಯಿಂದ ಗಾಳಿ ತುಂಬಿಸಿ ರೋಗ ತಗಲಿದ ಶ್ವಾಸಕೋಶವನ್ನು ಕುಗ್ಗಿಸುವ ವಿಧಾನ ಕಂಡುಹಿಡಿದರು. ತುಂಬಿದ ಗಾಳಿ ಇಂಗುತ್ತಿದ್ದುದರಿಂದ ರೋಗಿಗಳು ಮತ್ತೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. ಕೆಲವರ ಪಕ್ಕೆಲುಬುಗಳನ್ನೇ ಕತ್ತರಿಸಿ ತೆಗೆದು ಎದೆಯನ್ನು ಕಾಯಂ ಆಗಿ ಕುಗ್ಗಿಸುತ್ತಿದ್ದರು.

ಈ ಚಿಕಿತ್ಸೆ ದಕ್ಷಿಣ ಭಾರತಕ್ಕೂ ಬಂತು. ಕೋಲಾರದ ಗಡಿಯಾಚೆ, ಮದನಪಲ್ಲಿಯ ಹತ್ತಿರದ ಆರೋಗ್ಯವರಂನಲ್ಲಿ ಕ್ರೈಸ್ತ ಮಿಷನ್‌ಗಳು ಕಟ್ಟಿದ ಸ್ಯಾನಟೋರಿಯಂ ಡೆನ್ಮಾರ್ಕಿನ ವೈದ್ಯ ಫ್ರಿಮೊಟ್ ಮೊಲ್ಲರ್ ಅವರ ಕೈಯಲ್ಲಿ ಹೆಸರು ಮಾಡಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕ್ಷಯ ರೋಗ ಆಸ್ಪತ್ರೆ ಎದ್ದಿತು. ಅರಮನೆಯನ್ನೂ ಬಿಡದ ರೋಗದ ನೆನಪು ಅದರ ಹೆಸರಿನಲ್ಲೇ ಇದೆ. ಇಂದಿಗೂ ಮೈಸೂರಿಗರು ಅದನ್ನು ಪಿ.ಕೆ. ಸ್ಯಾನಟೋರಿಯಂ ಎಂದೇ ಕರೆಯುತ್ತಾರೆ. ಮದ್ರಾಸಿನ ಹತ್ತಿರ ತಾಂಬರಂನಲ್ಲಿ 1928ರಲ್ಲಿ ಸ್ಯಾನಟೋರಿಯಂ ಆರಂಭಿಸಿದ ಡೇವಿಡ್ ಚೌರಿ ಮುತ್ತು ಅದಕ್ಕೆ ಮೊದಲು ಇಂಗ್ಲೆಂಡಿನ ಮೆಂಡಿಪ್ ಬೆಟ್ಟಗಳಲ್ಲಿ ಒಂದು ಸ್ಯಾನಟೋರಿಯಂ ನಡೆಸುತ್ತಿದ್ದರು. 1917ರಲ್ಲಿ ಅವರ ಬಳಿ ಚಿಕಿತ್ಸೆಗೆ ಬಂದವರಲ್ಲಿ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಒಬ್ಬರು. ಇಂಗ್ಲೆಂಡಿನ ಸ್ಯಾನಟೋರಿಯಂಗಳಲ್ಲಿ ಕಿಟಕಿ ಮುಚ್ಚುವಂತಿರಲಿಲ್ಲ. ಮ್ಯಾಟ್‌ಲಾಕ್‌ನ ಸ್ಯಾನಟೋರಿಯಂನಲ್ಲಿದ್ದಾಗ, ಬಚ್ಚಲುಮನೆ ಬೆಚ್ಚಗಿರುತ್ತದೆ, ಕಾಗದ ಲೇಖನಿ ಹಿಡಿದು ಅಲ್ಲಿಗೇ ಹೋಗುತ್ತೇನೆ ಎಂಬರ್ಥದ ಮಾತನ್ನು ಅವರು ಗೆಳೆಯರಿಗೆ ಬರೆದರು. ಊರಿಗೆ ಮರಳಿದ ಮೇಲೆ 1920ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡದ್ದು ಮದ್ರಾಸಿನ ಅದೇ ಚೆಟ್‌ಪೆಟ್‌ನಲ್ಲಿ. ಅವರಿಗಿದ್ದದ್ದು ಕ್ಷಯವೇ ಅಲ್ಲ, ಅಮೀಬಾದಿಂದ ಬಂದ ಯಕೃತ್ತಿನ ಬೇನೆಯಿರಬಹುದು ಎಂದು 1990ರ ದಶಕದಲ್ಲಿ ವಾದ ಮಂಡನೆಯಾಗಿದೆ.

ಸ್ಯಾನಟೋರಿಯಂ ಸೇರಿದವರಿಗೆ ಒಳ್ಳೆಯ ಊಟ, ಗಾಳಿ ಬೆಳಕು, ದಾದಿಯರ ಆರೈಕೆ ಸಿಗುತ್ತಿದ್ದವು. ಅವರನ್ನು ಬೇರೆ ಇಟ್ಟಿದ್ದರಿಂದ ಮನೆಯ ಮಕ್ಕಳಿಗೂ ರಕ್ಷಣೆ ಎಂಬ ನಂಬಿಕೆಯಿತ್ತು. ಆದರೆ ದುಡಿಯುವ ಗಂಡಸೋ ಮನೆ ನಡೆಸುವ ಹೆಂಗಸೋ ವರ್ಷ ಎರಡು ವರ್ಷ ಬೆಟ್ಟದ ಮೇಲೆ ಮಲಗಿದರೆ ಆ ಮನೆಯ ಗತಿಯೇನು? ಹಾಸಿಗೆಗಳಾದರೂ ಎಷ್ಟಿದ್ದವು? 1946ರ ಭೋರ್ ಸಮಿತಿಯ ವರದಿಯ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 25 ಲಕ್ಷ ಕ್ಷಯ ರೋಗಿಗಳಿದ್ದರು, ವರ್ಷಕ್ಕೆ ಸುಮಾರು 5 ಲಕ್ಷ ಜನ ಸಾಯುತ್ತಿದ್ದರು. ಅವರಿಗಾಗಿ ಇದ್ದ ಹಾಸಿಗೆಗಳು ಸುಮಾರು 6,000. ಹಾಸಿಗೆಯೇ ಮದ್ದು ಎನ್ನುವುದಾದರೆ ನಾನೂರು ರೋಗಿಗಳಲ್ಲಿ ಒಬ್ಬರಿಗಷ್ಟೇ ಮದ್ದಿತ್ತು.

ಅಷ್ಟರಲ್ಲಿ ಔಷಧ ಬಂದಿತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. ಯುದ್ಧದಿಂದ ಬಡವಾದ ಬ್ರಿಟನ್ನಿಗೆ ಅದು ಎಲ್ಲರಿಗೂ ಹಂಚುವಷ್ಟು ಸಿಗಲಿಲ್ಲ. ಅದಕ್ಕಾಗಿ ಅಲ್ಲಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. 55 ಜನರಿಗೆ ಔಷಧವೂ ಬೆಡ್ ರೆಸ್ಟೂ, 52 ಜನರಿಗೆ ಬೆಡ್ ರೆಸ್ಟ್ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಶೇ. 7ರಷ್ಟು, ಎರಡನೆಯದರಲ್ಲಿ ಶೇ. 27ರಷ್ಟು ಜನ ತೀರಿಕೊಂಡರು. 1948ರಲ್ಲಿ ಪ್ರಕಟವಾದ ಈ ಪ್ರಯೋಗ ಆಧುನಿಕ ವೈದ್ಯಕೀಯ ಪರೀಕ್ಷೆಗಳಿಗೆಲ್ಲ ಮಾದರಿಯಾಯಿತು. ಬರೀ ಹಾಸಿಗೆಯ ಬಲ ಎಷ್ಟೆಂಬುದು ಅಂಕಿಗಳಲ್ಲಿ ಮೊದಲ ಸಲ ಕಾಣಿಸಿತು. ಆದರೂ ಔಷಧದ ಜೊತೆಗೆ ಹಾಸಿಗೆಯೂ ಬೇಕೇ ಬೇಕು ಎಂಬ ನಂಬಿಕೆ ಕದಲಲಿಲ್ಲ.

ಅದನ್ನು ಕದಲಿಸಿದ್ದು ಮದ್ರಾಸು. ಫಾಕ್ಸ್ ಅವರ ತಂಡ ನಗರದ ಬಡ ಕುಟುಂಬಗಳ 193 ಕ್ಷಯ ರೋಗಿಗಳನ್ನು ತೆಗೆದುಕೊಂಡು, ಯಾರು ಎಲ್ಲಿಗೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಎರಡು ಭಾಗ ಮಾಡಿತು. ಒಂದು ಭಾಗ ಸ್ಯಾನಟೋರಿಯಂಗೆ, ಇನ್ನೊಂದು ಅವರವರ ಮನೆಗೆ. ಇಬ್ಬರಿಗೂ ಒಂದೇ ಔಷಧ: ಐಸೋನಿಯಾಜಿಡ್ ಮತ್ತು ಪಿ.ಎ.ಎಸ್., ಒಂದು ವರ್ಷ. ಸ್ಯಾನಟೋರಿಯಂನವರಿಗೆ ಹಾಸಿಗೆ, ಪುಷ್ಟಿಯ ಊಟ, ಶುದ್ಧ ಗಾಳಿ, ದಾದಿಯರು. ಮನೆಯವರಿಗೆ ಇಕ್ಕಟ್ಟಾದ ಕೋಣೆ, ಅರೆಹೊಟ್ಟೆಯ ಊಟ, ಬಿಡಲಾಗದ ಕೆಲಸ. ಕೇಂದ್ರದವರು ಅವರ ಮನೆಗಳಿಗೆ ಹೋಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಿಬರುತ್ತಿದ್ದರು.

1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ವರ್ಷದ ಕೊನೆಗೆ ರೋಗ ಹತೋಟಿಗೆ ಬಂದವರು ಸ್ಯಾನಟೋರಿಯಂನಲ್ಲಿ ಶೇ. 92, ಮನೆಯಲ್ಲಿ ಶೇ. 86. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದದ್ದು. ಸ್ಯಾನಟೋರಿಯಂನವರು ಮೈ ತುಂಬಿಕೊಂಡಿದ್ದರು ನಿಜ, ಆದರೆ ರೋಗಾಣುವಿನ ಲೆಕ್ಕದಲ್ಲಿ ಅವರಿಗೆ ಹೇಳಿಕೊಳ್ಳುವಂಥ ಮೇಲುಗೈ ಇರಲಿಲ್ಲ. ಮನೆಮಂದಿಗೆ ರೋಗ ಹರಡೀತು ಎಂಬ ಭಯವೂ ಸುಳ್ಳಾಯಿತು. ಔಷಧ ಶುರುವಾದ ಮೇಲೆ ರೋಗಿ ಮನೆಯಲ್ಲಿದ್ದರೂ ಸ್ಯಾನಟೋರಿಯಂನಲ್ಲಿದ್ದರೂ ಮನೆಯವರಿಗೆ ರೋಗ ತಗಲುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು.

ಹಾಸಿಗೆಗಳಿಲ್ಲದ ಬಡ ದೇಶವೊಂದು ಕೈಚೆಲ್ಲಿ ಕೂರದೆ ಮಾಡಿದ ಪರೀಕ್ಷೆ ಜಗತ್ತಿನ ಚಿಕಿತ್ಸೆಯನ್ನೇ ಬದಲಾಯಿಸಿತು. ಶ್ರೀಮಂತ ದೇಶಗಳಲ್ಲಿ ಔಷಧ ಬಂದೊಡನೆ ಖಾಲಿಯಾಗತೊಡಗಿದ್ದ ಸ್ಯಾನಟೋರಿಯಂಗಳನ್ನು ಉಳಿಸಿಕೊಳ್ಳಲು ಇನ್ನು ಕಾರಣವೇ ಉಳಿಯಲಿಲ್ಲ. ಭಾರತದ ಮಟ್ಟಿಗೆ ಇದರ ಫಲ ಬೆಳೆದದ್ದು ಬೆಂಗಳೂರಿನಲ್ಲಿ. ಬಳ್ಳಾರಿ ರಸ್ತೆಯಲ್ಲಿ ಮೈಸೂರು ಮಹಾರಾಜರ ‘ಅವಲಾನ್’ ಬಂಗಲೆಯಲ್ಲಿ ನೆಲೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರ ಸೆಪ್ಟೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯದ ಲಕ್ಷಣವಿದ್ದವರನ್ನು ಮಾತನಾಡಿಸಿ 1963ರಲ್ಲಿ ವರದಿ ಬರೆದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತನ್ನು ಅದು ಅಳಿಸಿಹಾಕಿತು. ಅವರಲ್ಲಿ ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು, ಬಹುಪಾಲು ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಜನ ಇರುವಲ್ಲೇ ಸಾಮಾನ್ಯ ಆಸ್ಪತ್ರೆಗಳ ಮೂಲಕ ಔಷಧ ಕೊಡುವ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಮದ್ರಾಸು ಮತ್ತು ತುಮಕೂರಿನ ಈ ತಿಳಿವಳಿಕೆಯ ಮೇಲೆ.

ಕ್ಷಯದಾಚೆಗೂ ಹಾಸಿಗೆಯ ಹಿಡಿತ ಸಡಿಲವಾಗುತ್ತಿತ್ತು. 1947ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್, ಮಲಗಿಯೇ ಇದ್ದರೆ ದೇಹದ ಒಂದೊಂದು ಅಂಗಕ್ಕೂ ಆಗುವ ಕೇಡನ್ನು ಪಟ್ಟಿ ಮಾಡಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ, ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣವೇ ಹೋದೀತು. ಎದೆಯಲ್ಲಿ ಕಫ ನಿಲ್ಲುತ್ತದೆ. ಮೂಳೆಯ ಸುಣ್ಣ ಕರಗಿ ಮೂತ್ರಕ್ಕೆ ಇಳಿಯುತ್ತದೆ. ಬೆನ್ನಿನಲ್ಲಿ ಹುಣ್ಣಾಗುತ್ತದೆ. ಮನಸ್ಸು ಮುದುಡುತ್ತದೆ.

ಆಗ ಹೃದಯಾಘಾತವಾದವರನ್ನು ನಾಲ್ಕರಿಂದ ಆರು ವಾರ ಅಲುಗಾಡದಂತೆ ಮಲಗಿಸುತ್ತಿದ್ದರು, ಊಟವನ್ನೂ ದಾದಿಯರೇ ಬಾಯಿಗಿಡುತ್ತಿದ್ದರು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲಿವೈನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಬರ್ನಾರ್ಡ್ ಲೌನ್ ರೋಗಿಗಳನ್ನು ಮೊದಲ ದಿನಗಳಲ್ಲೇ ಮೆಲ್ಲನೆ ಎತ್ತಿ ಆರಾಮಕುರ್ಚಿಯಲ್ಲಿ ಕೂರಿಸತೊಡಗಿದರು. ಆಸ್ಪತ್ರೆಯ ಒಳಗೇ ಅದಕ್ಕೆ ಬಲವಾದ ವಿರೋಧವಿತ್ತು. 1952ರಲ್ಲಿ ಅವರು 81 ರೋಗಿಗಳ ಅನುಭವವನ್ನು ಪ್ರಕಟಿಸಿದರು: ಕುರ್ಚಿಯಿಂದ ಕೇಡಾಗಿರಲಿಲ್ಲ, ರೋಗಿಗಳು ಗೆಲುವಾಗಿದ್ದರು.

ಆರೋಗ್ಯವಂತರನ್ನು ಮಲಗಿಸಿದರೆ ಏನಾದೀತು? 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವಯಸ್ಸಿನ ಐವರು ತರುಣರು ಮೂರು ವಾರ ಹಾಸಿಗೆಯಲ್ಲೇ ಕಳೆದರು. ದುಡಿಯುವಾಗ ದೇಹ ಬಳಸಬಲ್ಲ ಆಮ್ಲಜನಕದ ಪ್ರಮಾಣ ಅವರಲ್ಲಿ ಕಾಲುಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಆ ಮೂರು ವಾರದ ಹಾಸಿಗೆ ಅವರ ದೇಹಶಕ್ತಿಯನ್ನು ಮೂವತ್ತು ವರ್ಷದ ಮುಪ್ಪಿಗಿಂತ ಹೆಚ್ಚು ಕುಗ್ಗಿಸಿತ್ತು ಎಂದು ತಿಳಿಯಿತು.

ಬೆನ್ನುನೋವಿನ ಸರದಿ 1986ರಲ್ಲಿ ಬಂತು. ಟೆಕ್ಸಾಸ್‌ನಲ್ಲಿ 203 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಎರಡು ದಿನ ಮಲಗಲು ಹೇಳಿಸಿಕೊಂಡವರು ಏಳು ದಿನ ಹೇಳಿಸಿಕೊಂಡವರಷ್ಟೇ ಚೆನ್ನಾಗಿ ಸುಧಾರಿಸಿಕೊಂಡರು. ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಅವರಲ್ಲಿ ಶೇ. 45ರಷ್ಟು ಕಡಿಮೆ. 1995ರಲ್ಲಿ ಹೆಲ್ಸಿಂಕಿಯ ವೈದ್ಯರು ನೋವು ತಡೆಯುವಷ್ಟು ಮಾತ್ರ ಎಚ್ಚರವಹಿಸಿ ಎಂದಿನಂತೆ ಓಡಾಡಿಕೊಂಡಿದ್ದವರೇ ಬೇಗ ಗುಣವಾದದ್ದನ್ನು ತೋರಿಸಿದರು. 1999ರಲ್ಲಿ ಆಸ್ಟ್ರೇಲಿಯದ ವೈದ್ಯರು 15 ಬಗೆಯ ಕಾಯಿಲೆಗಳ 39 ಪರೀಕ್ಷೆಗಳನ್ನು, ಒಟ್ಟು 5,777 ರೋಗಿಗಳ ವಿವರಗಳನ್ನು ಕಲೆಹಾಕಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಡ್ ರೆಸ್ಟ್‌ನಿಂದ ಗಣನೀಯವಾಗಿ ಸುಧಾರಿಸಿದ ಅಂಶ ಒಂದೂ ಸಿಗಲಿಲ್ಲ. ಕೆಟ್ಟದ್ದು ಹಲವು ಇದ್ದವು.

ಹಾಗೆಂದು ಮಲಗುವುದೇ ತಪ್ಪೆಂದಲ್ಲ. ಬೆನ್ನೆಲುಬು ಮುರಿದವರು, ಜ್ವರದಿಂದ ನಿತ್ರಾಣರಾದವರು ಮಲಗಲೇಬೇಕು. ಆದರೆ ಸೊಂಟದ ಮೂಳೆಗೆ ಆಪರೇಷನ್ ಆದ ಅಜ್ಜಿಯನ್ನು ಇಂದಿನ ವೈದ್ಯರು ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ‘ಪಾಪ, ಮಲಗಿರಲಿ ಬಿಡಿ’ ಎಂಬ ಮನೆಯವರ ಅಂತಃಕರಣ ಅಲ್ಲಿ ಆಕೆಗೆ ನೆರವಾಗುವುದಿಲ್ಲ.

ಹಳೆಯ ನಂಬಿಕೆ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ಬಸುರಿಯರ ವಿಷಯದಲ್ಲಿ. ತುಸು ರಕ್ತ ಕಂಡರೆ, ಅವಳಿ ಇದ್ದರೆ, ಐ.ವಿ.ಎಫ್. ಮಾಡಿಸಿಕೊಂಡಿದ್ದರೆ ‘ಕಂಪ್ಲೀಟ್ ಬೆಡ್ ರೆಸ್ಟ್’ ಎಂದು ಚೀಟಿಯಲ್ಲಿ ಬರೆದುಕೊಡುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ಮಲಗಿಸಿದರೆ ಗರ್ಭಪಾತವೋ ಅವಧಿಗೆ ಮುಂಚಿನ ಹೆರಿಗೆಯೋ ತಪ್ಪುತ್ತದೆ ಎಂಬುದಕ್ಕೆ ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘ ಅದನ್ನು ವಾಡಿಕೆಯಾಗಿ ಹೇಳಬಾರದೆಂದು ಸ್ಪಷ್ಟವಾಗಿ ತಿಳಿಸಿದೆ. ಬಸುರಿಯ ರಕ್ತ ಮೊದಲೇ ಹೆಪ್ಪುಗಟ್ಟುವ ಗುಣದ್ದು, ಮಲಗಿಯೇ ಇದ್ದರೆ ಆ ಅಪಾಯ ಇನ್ನೂ ಹೆಚ್ಚು. ಇಷ್ಟರ ಮೇಲೆ ಗರ್ಭ ನಿಲ್ಲದೆ ಹೋದರೆ, ಬಚ್ಚಲಿಗೆ ಎದ್ದು ಹೋದದ್ದೇ ಕಾರಣವೇನೋ ಎಂಬ ಕೊರಗು ಆ ಹೆಣ್ಣಿಗೆ ಜೀವಮಾನವಿಡೀ ಅಂಟಿಕೊಳ್ಳುತ್ತದೆ. ತಪ್ಪೇ ಮಾಡದವರ ತಲೆಗೆ ಇಂಥ ಹೊರೆ ಹೊರಿಸುವ ಹಕ್ಕು ಯಾವ ಚೀಟಿಗೂ ಇಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಮನೆಗಳ ಬಾಣಂತನದಲ್ಲಿ ಎಣ್ಣೆ ನೀರು, ಪಥ್ಯ, ಬೆಚ್ಚನೆಯ ಕೋಣೆ ಎಲ್ಲ ಇದ್ದರೂ ಅದರ ಜೀವಾಳ ತವರಿನಲ್ಲಿ ಸಿಗುವ ಬಿಡುವು. ನೀರು ಹೊರುವುದಿಲ್ಲ, ಅಡುಗೆಯ ಹೊಣೆಯಿಲ್ಲ. ಕೆಲಸದಿಂದ ಬಿಡುವು ಬೇರೆ, ಹಾಸಿಗೆಗೆ ಕಟ್ಟಿಹಾಕುವುದು ಬೇರೆ. ಅನೇಕ ಮನೆಗಳಲ್ಲಿ ಸೊಸೆಗೆ ಬಿಡುವು ಸಿಗಬೇಕಾದರೆ ಡಾಕ್ಟರ ಬಾಯಿಂದ ‘ಬೆಡ್ ರೆಸ್ಟ್’ ಎಂದು ಹೇಳಿಸಬೇಕಾಗಿದೆ. 2017ರ ತಿದ್ದುಪಡಿಯಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಸಂಬಳಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು. ಆದರೆ ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ಮನೆಗೆಲಸದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಅದು ಮುಟ್ಟುವುದಿಲ್ಲ. ಅವರಿಗೆ ಬೇಕಿರುವುದು ಕೂಲಿ ತಪ್ಪದ ರಜೆ, ಹೊಟ್ಟೆ ತುಂಬ ಊಟ, ಭಾರದ ಕೆಲಸಕ್ಕೆ ಇನ್ನೊಂದು ಕೈ.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಬೆಡ್ ರೆಸ್ಟ್ ಹೇಳಿದರೆ ಡಾಕ್ಟರನ್ನು ಗೌರವದಿಂದಲೇ ಕೇಳಿ: ಇದು ಯಾವುದಕ್ಕಾಗಿ, ಎಷ್ಟು ದಿನ, ಎದ್ದು ಓಡಾಡಿದರೆ ನಿಜವಾಗಿ ಏನಾಗುತ್ತದೆ? ನಿಮ್ಮಷ್ಟಕ್ಕೆ ನೀವೇ ಚಿಕಿತ್ಸೆ ಬದಲಾಯಿಸಬೇಡಿ, ಆದರೆ ಉತ್ತರ ಪಡೆಯದೆ ಹಾಸಿಗೆಯನ್ನೂ ಒಪ್ಪಿಕೊಳ್ಳಬೇಡಿ.